ಆಚೆಯ ಕೈ

ನನ್ನ ಅಡುಗೆಮನೆಯ ಕಟ್ಟೆಯ ಮೇಲೆ ಹನ್ನೊಂದು ವರ್ಷ ಎರಡು ಸ್ಟೀಲಿನ ಲೋಟಗಳು ಅಕ್ಕಪಕ್ಕ ಕೂತಿದ್ದವು. ಒಂದು ಲೋಟ ದಿನಾ ಬೆಳಿಗ್ಗೆ ಸಂಜೆ ನನ್ನ ಕೈಗೂ ಪಾತ್ರೆ ಉಜ್ಜುವ ನಾರಿಗೂ ಸಿಕ್ಕಿ, ಹೊಳಪು ಕಳೆದುಕೊಂಡು, ಅಂಚಿನಲ್ಲಿ ಸಣ್ಣಗೆ ತಗ್ಗಾಗಿ, ಸಂಸಾರಸ್ಥನ ಕಳೆ ಪಡೆದಿತ್ತು. ಇನ್ನೊಂದು ಮಾತ್ರ ಅಂಗಡಿಯವನು ಅಂಟಿಸಿದ ಚೀಟಿಯನ್ನೂ ಕಳಚದೆ, ನಿನ್ನೆ ಕೊಂಡುತಂದಂತೆ ಮಿರಮಿರ ಮಿಂಚುತ್ತಿತ್ತು. ಎರಡರ ಮೇಲೂ ನನ್ನದೇ ಹೆಸರು ಕೊರೆದಿದೆ. ನಾನು ವಿಶಾಖಪಟ್ಟಣಕ್ಕೆ ಕೆಲಸಕ್ಕೆಂದು ಬಂದಾಗ ವಿಜಯವಾಡದಲ್ಲಿರುವ ನನ್ನ ಅಕ್ಕ ಇವನ್ನು ಚೀಲದಲ್ಲಿ ತುರುಕಿ, “ಒಂದು ನಿನಗ, ಒಂದು ಬಂದೋರಿಗೆ” ಎಂದಿದ್ದಳು. ಬಂದವರೇ ಇರಲಿಲ್ಲವೆಂದು ಹೇಳಿದರೆ ಸುಳ್ಳಾದೀತು. ಗ್ಯಾಸಿನವನು ಬಂದಿದ್ದಾನೆ, ಮೀಟರ್ ನೋಡುವವನು ಬಂದಿದ್ದಾನೆ, ಬಾಗಿಲು ತಪ್ಪಿ ಬಂದವರೂ ಇದ್ದಾರೆ. ಕೂತು ನೀರು ಕುಡಿದು ಹೋದವರು ಮಾತ್ರ ಯಾರೂ ಇರಲಿಲ್ಲ.

ಒಂಟಿತನದ ದೂರು ಹೇಳಲು ಹೊರಟಿದ್ದೇನೆಂದು ತಿಳಿದು ನೀವು ಪುಟ ಮಗುಚಬೇಡಿ. ನನಗೆ ಈ ಜೀವನ ಒಗ್ಗಿಹೋಗಿದೆ ಎಂದೇ ನಾನು ಬಹಳ ಕಾಲ ನಂಬಿದ್ದೆ. ಕಿಟಕಿ ತೆರೆದರೆ ಸಮುದ್ರ ಕಾಣುತ್ತದೆ. ಬಂದರಿನೊಳಗೆ ಜಾಗ ಸಿಗದ ಹಡಗುಗಳು ದೂರದಲ್ಲಿ ಲಂಗರು ಹಾಕಿ, ಒಂದು ಇನ್ನೊಂದನ್ನು ಮುಟ್ಟದಷ್ಟು ಅಂತರದಲ್ಲಿ, ತಮ್ಮ ಸರದಿಗಾಗಿ ದಿನಗಟ್ಟಲೆ ಕಾಯುತ್ತ ನಿಂತಿರುತ್ತವೆ. ಬೆಳಿಗ್ಗೆ ಕೆಳಗಿನ ರಸ್ತೆಯಲ್ಲಿ ಪರವಾಡದ ಔಷಧ ಕಂಪನಿಯ ಬಸ್ಸಿಗಾಗಿ ನಾಲ್ಕಾರು ಹುಡುಗರು ನಿಲ್ಲುತ್ತಾರೆ. ಒಮ್ಮೆ ಅವರ ನಡುವೆ ರಾಯಚೂರಿನ ಕಡೆಯ ಕನ್ನಡ ಕೇಳಿ ನನ್ನ ಕಿವಿ ನೆಟ್ಟಗಾಯಿತು. ಮಾತಾಡಿಸಬೇಕು, ಊರು ಕೇಳಬೇಕು ಎಂದು ಮೆಟ್ಟಿಲಿಳಿಯುತ್ತ ಮನಸ್ಸಿನಲ್ಲೇ ವಾಕ್ಯ ಜೋಡಿಸಿಕೊಂಡು ಹೋಗುವಷ್ಟರಲ್ಲಿ ಬಸ್ಸು ಬಂದು ಅವರನ್ನೆತ್ತಿಕೊಂಡು ಹೋಯಿತು. ಆರು ತಿಂಗಳಾದ ಮೇಲೆ ಆ ಹುಡುಗರೂ ಬದಲಾದರು. ಮನಸ್ಸಿನಲ್ಲಿ ಜೋಡಿಸಿಟ್ಟಿದ್ದ ವಾಕ್ಯ ನನ್ನಲ್ಲೇ ಉಳಿಯಿತು.

ನನ್ನ ವೃತ್ತಿಯನ್ನು ಯಾರಾದರೂ ಕೇಳಿದರೆ ಮೊದಲಿನಿಂದಲೂ ನಾನು ತಡವರಿಸುವವನೇ. ಗದಗಿನಲ್ಲಿ ಹುಟ್ಟಿ, ಹುಬ್ಬಳ್ಳಿಯಲ್ಲಿ ಓದಿ, ಮುಂದೆ ಸಂಶೋಧನೆಯೆಂದು ಹೇಳಿಕೊಂಡು ನಾನು ಮಾಡಿದ್ದು ಕಂಪ್ಯೂಟರಿನ ಪರದೆಯ ಮೇಲೆ ಇಲ್ಲದ ವಸ್ತುಗಳನ್ನು ಇದ್ದಂತೆ ತೋರಿಸುವ ಕೆಲಸ. ಕೆರೆಯ ನೀರಿನ ಮೇಲಿನ ಬಿಸಿಲು, ರೇಷ್ಮೆಯ ಮಡಿಕೆ, ಸ್ಟೀಲಿನ ಲೋಟದ ಹೊಟ್ಟೆಯಲ್ಲಿ ವಕ್ರವಾಗಿ ಕಾಣುವ ಕಿಟಕಿ, ಇವುಗಳ ಲೆಕ್ಕಾಚಾರದಲ್ಲಿ ನನ್ನ ಯೌವನ ಸವೆದಿದೆ. ಹೈದರಾಬಾದಿನಲ್ಲಿದ್ದಾಗ ಒಂದು ರಾಜಮಹಾರಾಜರ ಸಿನಿಮಾಕ್ಕಾಗಿ, ಅರಮನೆಯ ಮಾಳಿಗೆಯ ಮೇಲೆ ನಿಂತ ರಾಣಿಯ ಕೂದಲನ್ನು ಗಾಳಿಗೆ ಹಾರಿಸುವುದಕ್ಕೆ ನನಗೆ ಎಂಟು ತಿಂಗಳು ಹಿಡಿಯಿತು. ಪರದೆಯ ಮೇಲೆ ಆ ಕೂದಲು ಹಾರಿದ್ದು ಎರಡೇ ಕ್ಷಣ. ಅಕ್ಕ ಮತ್ತು ಭಾವ ನನ್ನನ್ನು ವಿಜಯವಾಡದ ಚಿತ್ರಮಂದಿರಕ್ಕೆ ಕರೆದುಕೊಂಡು ಹೋಗಿದ್ದರು. ಸಿನಿಮಾ ಮುಗಿದು ಜನವೆಲ್ಲ ಎದ್ದುಹೋಗಿ, ಕಸ ಗುಡಿಸುವವಳು ಪೊರಕೆ ಹಿಡಿದು ನಮ್ಮ ಸಾಲಿಗೇ ಬಂದರೂ ಅಕ್ಕ ಕೂತೇ ಇದ್ದಳು. ಕೊನೆಯಲ್ಲಿ ಇರುವೆಯ ಸಾಲಿನಂತೆ ಹರಿದುಹೋದ ಹೆಸರುಗಳಲ್ಲಿ ನನ್ನದೂ ಹೋಯಿತು. “ಎಲ್ಲೈತೋ? ಎಲ್ಲೈತಿ?” ಎಂದು ಅವಳು ಕೇಳುವಷ್ಟರಲ್ಲಿ ದೀಪ ಹತ್ತಿತು. ಕಾಣಲಿಲ್ಲವೆಂದು ಅವಳು ಒಪ್ಪಲಿಲ್ಲ, “ಕಂಡೆ ಬಿಡು, ಚಲೋ ದೊಡ್ಡ ಅಕ್ಷರದಾಗ ಇತ್ತು” ಎಂದು ಭಾವನೆದುರು ಸುಳ್ಳು ಹೇಳಿದಳು.

ನಮ್ಮ ಆ ಕಸುಬಿನ ಒಂದು ಗುಟ್ಟನ್ನು ನಿಮಗೆ ಹೇಳಬೇಕು, ಏಕೆಂದರೆ ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಎರಡು ಕೈಗಳು ಪರಸ್ಪರ ಮುಟ್ಟುವುದನ್ನು ಪರದೆಯ ಮೇಲೆ ತೋರಿಸುವುದರಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ. ತೂಕವಿಲ್ಲದ ಬೆರಳುಗಳು ಒಂದರೊಳಗೊಂದು ತೂರಿಹೋಗುತ್ತವೆ. ಆದ್ದರಿಂದ ನಾವು ಉಪಾಯ ಮಾಡುತ್ತೇವೆ. ಒಬ್ಬನನ್ನು ನಿಲ್ಲಿಸಿ, ಎದುರಿಗೆ ಯಾರೋ ಇದ್ದಾರೆಂದು ಭಾವಿಸಿಕೊಂಡು ಅಭಿನಯಿಸು ಎನ್ನುತ್ತೇವೆ. ಎದುರಿನವನನ್ನು ಆಮೇಲೆ ಸೇರಿಸಿಕೊಂಡರಾಯಿತು. ಆಮೇಲೆ ಸೇರಿಸಿಕೊಂಡರಾಯಿತು ಎಂಬ ಮಾತನ್ನು ನನ್ನಷ್ಟು ಸಲ ಹೇಳಿದವನು ಈ ಆಂಧ್ರದಲ್ಲಿ ಇನ್ನೊಬ್ಬನಿರಲಾರ. ಮದುವೆಯ ವಿಷಯದಲ್ಲೂ ಹಾಗೆಯೇ ಹೇಳಿ ಹೇಳಿ ಐವತ್ತು ದಾಟಿದೆ.

ತೂಕವಿಲ್ಲದ ಕೈಗಳ ಮೇಲೆ ಬೇಸರ ಹುಟ್ಟಿ, ನಿಜವಾಗಿ ಮುಟ್ಟಬಲ್ಲ ಒಂದು ಕೈಯನ್ನಾದರೂ ಮಾಡಬೇಕೆಂದು ನಾನು ಮಾನವಾಕೃತಿಯ ರೋಬೋಟುಗಳ ಕಡೆ ಹೊರಳಿದೆ. ವಿಶಾಖಪಟ್ಟಣದ ನಮ್ಮ ಪ್ರಯೋಗಾಲಯದಲ್ಲಿ ಹುಟ್ಟಿದವನು ಎರಡು ಕಾಲಿನ ಮೇಲೆ ನಿಲ್ಲುತ್ತಾನೆ, ನಿಧಾನವಾಗಿ ನಡೆಯುತ್ತಾನೆ, ನನ್ನ ಭುಜದೆತ್ತರಕ್ಕೆ ಬರುತ್ತಾನೆ. ನನ್ನ ಸಹಾಯಕ ಸಂಶೋಧಕಿ ಶಿರೀಷಾ, ಇಲ್ಲಿನವಳೇ, ಅವನನ್ನು ಮೊದಲ ದಿನದಿಂದಲೂ ‘ಅಬ್ಬಾಯಿ’ ಎಂದೇ ಕರೆದಳು. ತೆಲುಗಿನಲ್ಲಿ ಹುಡುಗ ಎಂದರ್ಥ. ಅವನಿಗೇಕೆ ನಗುವ ಮುಖ ಇಟ್ಟಿಲ್ಲವೆಂದು ನೋಡಲು ಬಂದವರು ಕೇಳುತ್ತಾರೆ. ಹತ್ತು ವರ್ಷ ನಗುವನ್ನು ತಯಾರಿಸಿದವನು ನಾನು, ಅದರ ಒಳಗೇನಿರುತ್ತದೆಂದು ನನಗೆ ಗೊತ್ತು ಎಂದು ನಾನು ಉತ್ತರಿಸುವುದಿಲ್ಲ, ಖರ್ಚು ಹೆಚ್ಚಾಗುತ್ತದೆ ಎಂದಷ್ಟೇ ಹೇಳುತ್ತೇನೆ.

ಅಬ್ಬಾಯಿ ಕಲಿಯಬೇಕಾಗಿದ್ದ ವಿದ್ಯೆ ಒಂದೇ: ಕೈ ನಡುಗುವ ರೋಗಿಗಳಿಗೆ ನೀರು ಕೊಡುವುದು. ವಿಜಯವಾಡದ ಒಂದು ವ್ಯಾಯಾಮ ಚಿಕಿತ್ಸಾ ಕೇಂದ್ರದವರು ಅವನನ್ನು ಪರೀಕ್ಷಿಸಿ ನೋಡಿ, ಒಪ್ಪಿಗೆಯಾದರೆ ತಮ್ಮಲ್ಲಿಟ್ಟುಕೊಳ್ಳಲು ಸಿದ್ಧರಿದ್ದರು. ಒಪ್ಪಿಗೆಯಾಗದಿದ್ದರೆ ಅವನು ಕೋಣೆಯ ಮೂಲೆ ಸೇರುತ್ತಾನೆ, ಅವನೊಂದಿಗೆ ನನ್ನ ಆರು ವರ್ಷವೂ ಸೇರುತ್ತದೆ. ಪರೀಕ್ಷೆ ಸಂಕ್ರಾಂತಿ ಕಳೆದ ಎರಡನೆಯ ವಾರಕ್ಕೆ ಗೊತ್ತಾಗಿತ್ತು. ಈ ಕಡೆಯ ಸಂಕ್ರಾಂತಿಯನ್ನು ನೀವು ನೋಡಿರದಿದ್ದರೆ ಹೇಳುತ್ತೇನೆ: ಊರಿಗೆ ಊರೇ ಗಂಟುಮೂಟೆ ಕಟ್ಟಿಕೊಂಡು ಹುಟ್ಟೂರಿಗೆ ಹೊರಟುಬಿಡುತ್ತದೆ. ಶಿರೀಷಾಳೂ ಹೊರಟಳು. “ಸರ್, ನಾನು ಬಂದ ಮೇಲೆ ಇಬ್ಬರೂ ಸೇರಿ ಮಾಡೋಣವಂಡಿ” ಎಂದು ತನಗೆ ಬರುವ ಅಷ್ಟಿಷ್ಟು ಕನ್ನಡಕ್ಕೆ ತೆಲುಗಿನ ಮರ್ಯಾದೆ ಹಚ್ಚಿ ಹೇಳಿ ಹೋದಳು. ಕಾಯುವ ವ್ಯವಧಾನ ನನಗಿರಲಿಲ್ಲ. ಹಬ್ಬದ ಮೂರು ಹಗಲು ಖಾಲಿ ಕಟ್ಟಡದಲ್ಲಿ ನಾನೊಬ್ಬನೇ, ಮೈಮೇಲೆಲ್ಲ ಬಿಳಿ ಗುಂಡುಗಳನ್ನು ಅಂಟಿಸಿದ ಕರಿಯ ಬಿಗಿ ಉಡುಪು ತೊಟ್ಟು, ಸುತ್ತಲಿನ ಕ್ಯಾಮೆರಾಗಳು ನನ್ನ ಪ್ರತಿ ಚಲನೆಯನ್ನೂ ಬರೆದುಕೊಳ್ಳುವಂತೆ ಏರ್ಪಾಡು ಮಾಡಿ, ನೀರಿನ ಲೋಟ ಕೊಡುವುದನ್ನು ಅಭಿನಯಿಸಿದೆ. ಅಬ್ಬಾಯಿ ಕಲಿಯುವುದು ಹಾಗೆಯೇ, ಮನುಷ್ಯ ಮಾಡಿದ್ದನ್ನು ನೂರಾರು ಸಲ ನೋಡಿ. ಎದುರಿಗೆ ಕೈಯೊಡ್ಡುವವರು ಯಾರೂ ಇರಲಿಲ್ಲವಾದ್ದರಿಂದ ಒಂದು ಸ್ಟೂಲು ಇಟ್ಟುಕೊಂಡೆ. ಲೋಟ ಎತ್ತು, ಮುಂದೆ ಚಾಚು, ಸ್ಟೂಲಿನ ಮೇಲೆ ಇಡು, ಕೈಬಿಡು. ಹೀಗೆ ಮುನ್ನೂರು ಸಲ. ಆಚೆಯ ಕೈಯನ್ನು ಆಮೇಲೆ ಲೆಕ್ಕದಲ್ಲಿ ಸೇರಿಸಿಕೊಂಡೆ.

ಹಬ್ಬ ಮುಗಿಸಿ ಬಂದ ಶಿರೀಷಾ ಪರೀಕ್ಷಿಸಿದಳು. ಅಬ್ಬಾಯಿ ಲೋಟ ಚಾಚಿದ, ಅವಳು ತೀರ್ಥ ತೆಗೆದುಕೊಳ್ಳುವಂತೆ ಎರಡೂ ಅಂಗೈ ಜೋಡಿಸಿ ಲೋಟದ ತಳಕ್ಕೆ ಒಡ್ಡಿದಳು, ಅವನು ಬಿಟ್ಟ. ಬೆಲೆಬಾಳುವ ಯಂತ್ರದ ಮೇಲೆ ನೀರು ಚೆಲ್ಲಬಾರದೆಂದು ನಮ್ಮ ಪ್ರಯೋಗಾಲಯದಲ್ಲಿ ಎಲ್ಲರೂ ಹೀಗೆಯೇ ಹಿಡಿಯುತ್ತೇವೆ. ಐವತ್ತು ಸಲ ಮಾಡಿದರೂ ಒಂದು ಹನಿ ಚೆಲ್ಲಲಿಲ್ಲ. ನಾನು ಅಕ್ಕನಿಗೆ ಫೋನು ಮಾಡಿ, ಪರೀಕ್ಷೆಯ ದಿನ ನೀನೂ ಬರಬೇಕು, ಮೊದಲ ಲೋಟ ನೀನೇ ತೆಗೆದುಕೊಳ್ಳಬೇಕು ಎಂದೆ. ಅವಳು, “ನಾನಾ? ಬ್ಯಾರೇರು ಯಾರೂ ಇಲ್ಲೇನು?” ಎಂದಳು. ಸಂಕೋಚವಿರಬೇಕೆಂದು ತಿಳಿದೆ. ಭಾವ ಬ್ಯಾಂಕಿನ ವರ್ಗಾವಣೆಯ ಮೇಲೆ ವಿಜಯವಾಡಕ್ಕೆ ಬಂದು ಅಲ್ಲೇ ನೆಲೆಸಿ, ತೀರಿಕೊಂಡು ಮೂರು ವರ್ಷವಾಗಿತ್ತು. ಅಕ್ಕ ಮಗಳೊಂದಿಗೆ ಇದ್ದಳು. ಆ ಹದಿಮೂರು ದಿನ ಮುಗಿಸಿ ಬಂದವನು ಮತ್ತೆ ನಾನು ಆ ಊರಿಗೆ ಹೋಗಿರಲಿಲ್ಲ. ಭಾನುವಾರಕ್ಕೊಮ್ಮೆ ವಿಡಿಯೋ ಕರೆ ಇದ್ದೇ ಇತ್ತಲ್ಲ. ರೈಲಿನಲ್ಲಿ ಆರು ತಾಸಿನ ದಾರಿ ಅದು.

ಅಬ್ಬಾಯಿಯನ್ನು ವ್ಯಾನಿನಲ್ಲಿ ನನ್ನ ಪಕ್ಕದ ಸೀಟಿನಲ್ಲೇ ಕೂರಿಸಿ ಬೆಲ್ಟು ಬಿಗಿದು ಕರೆದೊಯ್ದೆವು. ದಾರಿಯ ಟೋಲ್ ಗೇಟಿನವನು ಬಗ್ಗಿ ನೋಡಿ, “ಎವರಂಡಿ ಈಯನ?” ಎಂದು, ಇವರು ಯಾರೆಂದು, ಬಹುವಚನದಲ್ಲೇ ವಿಚಾರಿಸಿದ. ಶಿರೀಷಾ ನಕ್ಕು ನಮ್ಮ ಅಬ್ಬಾಯಿ ಎಂದಳು. ಅಷ್ಟೂ ದಾರಿ ನಾನೂ ಪ್ರಸನ್ನನಾಗಿದ್ದೆನೆಂದು ನೆನಪು. ಗನ್ನವರಂ ದಾಟುವಾಗ ಇಳಿಯಲು ಬಂದ ವಿಮಾನವೊಂದು ತಲೆಯ ಮೇಲೇ ಹಾದುಹೋಯಿತು. ನಾನು ಅಬ್ಬಾಯಿಯ ಭುಜ ತಟ್ಟಿ ಅದನ್ನು ತೋರಿಸಿದೆ ಎಂಬುದನ್ನು ಶಿರೀಷಾ ಈಗಲೂ ಹೇಳಿ ಕಾಡುತ್ತಾಳೆ.

ಕೇಂದ್ರದ ಹಜಾರದಲ್ಲಿ ವೈದ್ಯರು, ಹತ್ತು ಹನ್ನೆರಡು ರೋಗಿಗಳು, ಅವರ ಮನೆಯವರು ಕೂತಿದ್ದರು. ಅಕ್ಕ ಮುಂದಿನ ಸಾಲಿನಲ್ಲಿ ಸೆರಗಿನೊಳಗೆ ಕೈ ಸೇರಿಸಿಕೊಂಡು ಕೂತಿದ್ದಳು. ನಾನು ಕರೆದೆ. ಅವಳು ಎದ್ದು ಬಂದು ಅಬ್ಬಾಯಿಯ ಎದುರು ನಿಂತು ಬಲಗೈ ಹೊರಗೆ ತೆಗೆದಳು. ಆ ಕೈ ನಡುಗುತ್ತಿತ್ತು. ಭಯಕ್ಕೆ ನಡುಗಿದ್ದಲ್ಲ. ಒಳಗಿನಿಂದ ಯಾರೋ ಅಲ್ಲಾಡಿಸಿದ ಹಾಗೆ, ಒಂದೇ ಲಯದಲ್ಲಿ, ನಿಲ್ಲದೆ ನಡುಗುತ್ತಿತ್ತು. ಕೈಗಳನ್ನು ಓದುವುದೇ ನನ್ನ ವಿದ್ಯೆ. ಒಂದೇ ನೋಟಕ್ಕೆ ತಿಳಿಯಿತು, ಇದು ಇಂದು ನಿನ್ನೆಯದಲ್ಲ, ಕನಿಷ್ಠ ಎರಡು ವರ್ಷದ್ದು. ನೂರು ಭಾನುವಾರ ನಾನು ಅಕ್ಕನನ್ನು ನೋಡಿದ್ದೆ. ಅವಳು ಫೋನನ್ನು ಡಬ್ಬಿಗೆ ಒರಗಿಸಿಟ್ಟು, ಕೊರಳಿನಿಂದ ಮೇಲಷ್ಟೇ ಕಾಣುವಂತೆ ಕೂತು, ನನ್ನ ಊಟ ನಿದ್ದೆ ವಿಚಾರಿಸುತ್ತಿದ್ದಳು. ಚೌಕಟ್ಟಿನ ಆಚೆ ಏನಿದೆಯೆಂದು ನಾನು ಒಮ್ಮೆಯೂ ಯೋಚಿಸಲಿಲ್ಲ.

ಅಬ್ಬಾಯಿ ಲೋಟ ಚಾಚಿದ. ಅದು ನನ್ನ ಆ ಎರಡನೆಯ ಲೋಟವೇ. ಅಕ್ಕನಿಗೆ ತಮಾಷೆಯೆನಿಸಲೆಂದು ಅಂದು ಬೆಳಿಗ್ಗೆಯಷ್ಟೇ ಚೀಟಿ ಕಿತ್ತು ತಂದಿದ್ದೆ. ಅಕ್ಕ ಎಲ್ಲರ ಮನೆಯ ಹೆಂಗಸರು ಹಿಡಿಯುವಂತೆ ಲೋಟದ ಕಂಠ ಹಿಡಿದಳು. ಅವನು ಬಿಡಲಿಲ್ಲ. ಅವಳು ಮೆಲ್ಲಗೆ ಎಳೆದಳು, ಅವನು ಇನ್ನಷ್ಟು ಬಿಗಿ ಹಿಡಿದ. ಅವಳ ನಡುಕ ಲೋಟಕ್ಕೆ, ಲೋಟದ್ದು ನೀರಿಗೆ ಹತ್ತಿ, ನೀರು ಅವಳ ಸೀರೆಯ ಮೇಲೆಲ್ಲ ತುಳುಕಿತು. ಯಾರೋ ಹಿಂದೆ ನಕ್ಕರು. ನಾನು ಅಲ್ಲೇ ಇದ್ದೆ, ಮೂರು ಹೆಜ್ಜೆ ದೂರದಲ್ಲಿ, ಮತ್ತು ನಾನೂ ಅಬ್ಬಾಯಿಯ ಹಾಗೆ ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದೆ. ಶಿರೀಷಾ ಓಡಿಹೋಗಿ ಯಂತ್ರ ನಿಲ್ಲಿಸಿದಳು. ಅಕ್ಕ ಸೆರಗು ಹಿಂಡಿಕೊಳ್ಳುತ್ತ, ಸಿಟ್ಟಿಲ್ಲದೆ, ನಿಜವಾಗಿಯೂ ತಿಳಿಯಬೇಕೆಂಬಂತೆ ನನ್ನನ್ನು ಕೇಳಿದಳು: “ಕೊಡಾಕ ಬಂದು ಬಿಡವಲ್ಲದಲ್ಲೋ ತಮ್ಮಾ. ಇದಕ್ಕ ಯಾರಿಗೂ ಕೊಟ್ಟು ರೂಢಿ ಇಲ್ಲೇನು?”

ಇಲ್ಲ, ಇರಲಿಲ್ಲ. ತಳಕ್ಕೆ ಕೆಳಗಿನಿಂದ ಆಸರೆ ಸಿಕ್ಕಾಗ ಮಾತ್ರ ಬೆರಳು ಸಡಿಲಿಸಬೇಕೆಂದು ಅದು ನನ್ನಿಂದ ಕಲಿತಿತ್ತು, ಏಕೆಂದರೆ ನಾನು ಮುನ್ನೂರು ಸಲವೂ ಕೊಟ್ಟದ್ದು ಸ್ಟೂಲಿಗೆ. ಶಿರೀಷಾಳ ಅಂಗೈ ಅದರ ಪಾಲಿಗೆ ಇನ್ನೊಂದು ಸ್ಟೂಲು. ವೈದ್ಯರು ಒಳ್ಳೆಯವರು, ಯುಗಾದಿಯವರೆಗೆ ಸಮಯ ಕೊಡುತ್ತೇವೆ, ಅಷ್ಟರಲ್ಲಿ ಆಗದಿದ್ದರೆ ಬೇಡ ಎಂದು ಮೆಲುದನಿಯಲ್ಲಿ ಹೇಳಿದರು.

ಆ ಸಂಜೆ ಅಕ್ಕನ ಮನೆಯಲ್ಲಿ ಕೂತಿದ್ದೆ. ಯಾಕೆ ಹೇಳಲಿಲ್ಲ ಎಂದು ಕೇಳಿದೆ. “ನೀ ಕೇಳಲಿಲ್ಲ” ಎಂದಷ್ಟೇ ಹೇಳಿ ಅಡುಗೆಮನೆಗೆ ಹೋದಳು. ಕಾಫಿ ತಂದಳು, ಅರ್ಧ ಲೋಟ ಮಾತ್ರ. ಪೂರ್ತಿ ತುಂಬಿದರೆ ಚೆಲ್ಲುತ್ತದೆಂದು ಕೈಯೇ ಕಲಿತುಕೊಂಡಿತ್ತು. ನಾನು ಲೋಟ ಹಿಡಿದ ಮೇಲೂ ಅವಳು ಕೂಡಲೇ ಬಿಡಲಿಲ್ಲ. ನನ್ನ ಕಡೆ ಒಂಚೂರು ಒತ್ತಿ, “ಹಿಡಕೊಂಡಿ ಏನೋ?” ಎಂದಳು. ಹಿಡಕೊಂಡೆ ಎಂದೆ. ಆಗ ಬಿಟ್ಟಳು. ಚಿಕ್ಕಂದಿನಲ್ಲಿ ಗದಗಿನ ಮನೆಯಲ್ಲಿ ಹಾಲಿನ ಲೋಟ ಕೊಡುವಾಗಲೂ ಅವಳು ಹೀಗೆಯೇ ಕೇಳುತ್ತಿದ್ದಳು. ಒಂದು ವಸ್ತು ಒಬ್ಬರಿಂದ ಇನ್ನೊಬ್ಬರಿಗೆ ದಾಟುವ ಮೊದಲು ಅದು ಇಬ್ಬರದೂ ಆಗಿರುವ ಒಂದು ಗಳಿಗೆ ಇದೆ, ಕೊಡುವುದೆಂದರೆ ಆ ಗಳಿಗೆಯೇ ಎಂದು ನನಗೆ ಹೊಳೆದದ್ದು ಅಲ್ಲಿ, ತಣ್ಣಗಾಗುತ್ತಿದ್ದ ಕಾಫಿಯ ಎದುರು. ಇಪ್ಪತ್ತೈದು ವರ್ಷ ಬೆಳಕು, ನೆರಳು, ಕೀಲು, ಬೆರಳು ಎಲ್ಲವನ್ನೂ ಅಳೆದವನು ಅದೊಂದನ್ನು ಅಳೆದಿರಲಿಲ್ಲ. ಹನ್ನೊಂದು ವರ್ಷದಲ್ಲಿ ನನ್ನ ಕೈಯ ಯಾವ ಲೋಟವೂ ಇನ್ನೊಂದು ಕೈಗೆ ಹೋಗಿರಲಿಲ್ಲ, ಎಲ್ಲವೂ ಮೇಜಿಗೆ ಹೋಗಿದ್ದವು. ನನಗೆ ಅಳು ಬಂತು. ಅವಳು ನೋಡದವಳ ಹಾಗೆ ಟಿ.ವಿ. ಹಾಕಿದಳು.

ಮಾಘ ಕಳೆಯುವಷ್ಟರಲ್ಲಿ ಅಕ್ಕ ವಿಶಾಖಪಟ್ಟಣಕ್ಕೆ ಬಂದಳು, ನಾನು ಕರೆದದ್ದಕ್ಕೆ. ನಾಲ್ಕು ದಿನ ಇದ್ದಳು. ನನ್ನ ಅಡುಗೆಮನೆ ನೋಡಿ ಸಣ್ಣಗೆ ಬೈದಳು. ಪ್ರಯೋಗಾಲಯದಲ್ಲಿ ನಾನು ಆ ಕರಿಯ ಉಡುಪು ತೊಟ್ಟರೆ, ಸೀರೆಯುಟ್ಟ ಅವಳು ಅಂಥದೇ ಬಿಳಿ ಗುಂಡುಗಳ ಕೈಗವಸು ಹಾಕಿಕೊಂಡು, “ಯಾವ ನಾಟಕದ ವೇಷೋ ಇದು?” ಎನ್ನುತ್ತ, ದಿನಕ್ಕೆ ನೂರು ಸಲ ನನಗೆ ಲೋಟ ಕೊಟ್ಟಳು, ನೂರು ಸಲ ನನ್ನಿಂದ ತೆಗೆದುಕೊಂಡಳು. ಪ್ರತಿ ಸಲವೂ ಕೇಳುತ್ತಿದ್ದಳು, ಹಿಡಕೊಂಡಿ ಏನೋ? ಕೇಳುವುದನ್ನು ಒಂದು ಸಲವೂ ಬಿಡಲಿಲ್ಲ. ಪರದೆಯ ಮೇಲೆ ಅವಳ ಕೈಯ ಚಲನೆಯ ಗೆರೆ ಗರಗಸದ ಹಲ್ಲಿನ ಹಾಗೆ ಮೂಡುತ್ತಿತ್ತು. ಇಂಥ ನಡುಕವನ್ನು ನಮ್ಮವರು ದೋಷವೆಂದು ಕರೆದು ಸವರಿ ನುಣುಪು ಮಾಡುತ್ತಾರೆ. “ಸರ್, ಸ್ಮೂತ್ ಮಾಡಲಾ ಅಂಡಿ?” ಎಂದು ಶಿರೀಷಾ ಕೇಳಿದಳು. ಬೇಡ, ಇದ್ದ ಹಾಗೇ ಇರಲಿ ಎಂದೆ. ನಾಲ್ಕನೆಯ ದಿನ ಅಬ್ಬಾಯಿ ಲೋಟ ಚಾಚಿದಾಗ ಅಕ್ಕ ಕಂಠವನ್ನೇ ಹಿಡಿದಳು. ಅವನು ಕಾದ, ಅವಳ ಕಡೆ ಒಂಚೂರು ಒತ್ತಿದ, ಆಮೇಲೆ ಬಿಟ್ಟ. ನೀರು ಸ್ವಲ್ಪ ಚೆಲ್ಲಿತು. ಅಕ್ಕ ಕುಡಿದಳು. ಮಾರನೆಯ ದಿನ ರೈಲು ಹತ್ತಿಸಿ ಬಂದೆ.

ಯುಗಾದಿಗೆ ಮೊದಲೇ ಕೇಂದ್ರದವರು ಅಬ್ಬಾಯಿಯನ್ನು ಒಪ್ಪಿಕೊಂಡರು. ಅವನು ಈಗ ವಿಜಯವಾಡದಲ್ಲಿದ್ದಾನೆ, ಆ ಲೋಟವೂ ಅವನೊಂದಿಗೇ ಹೋಗಿದೆ. ಅಕ್ಕ ವಾರಕ್ಕೆರಡು ದಿನ ಅಲ್ಲಿ ಕೈಯ ವ್ಯಾಯಾಮಕ್ಕೆ ಹೋಗುತ್ತಾಳೆ. ಭಾನುವಾರದ ಕರೆಯಲ್ಲಿ ಈಗ ನಾನು ಫೋನನ್ನು ಹಿಂದಕ್ಕೆ ಸರಿಸು, ಕೈ ಕಾಣಲಿ ಎನ್ನುತ್ತೇನೆ, ಅವಳು ಸರಿಸುತ್ತಾಳೆ. ನಡುಕ ಹೆಚ್ಚಾಗಿದೆ, ಅದನ್ನೂ ನಾನು ನೋಡುತ್ತೇನೆ. ಕಳೆದ ವಾರ ಹೇಳಿದಳು, “ನಿನ್ನ ಅಬ್ಬಾಯಿ ನಿನ್ನೆ ನೀರು ಕೊಟ್ಟ. ಥೇಟ್ ನಾನು ಕೊಟ್ಟಂಗ ಕೊಡತಾನ, ನಿಲ್ಲೋದು ಮಾತ್ರ ನಿನ್ನಂಗ, ಒಂದ್ ಮಾತಿಲ್ಲ ಕತಿ ಇಲ್ಲ.” ಬೇಸಿಗೆಗೆ ಬರುತ್ತೇನೆ, ಏನು ತರಲಿ ಎಂದು ಕೇಳಿದೆ. “ಏನೂ ಬ್ಯಾಡ. ಕೊಡಾಕ ಅಂವ ಅದಾನಲ್ಲ. ನೀ ಬರಿಗೈಲೆ ಬಾ, ಬೇಸಿಗಿ ತನಕ ಕಾಯಬ್ಯಾಡ” ಎಂದಳು.

ನಾನು ಮಾಡಿದ ಕೈ ನನ್ನ ಅಕ್ಕನಿಗೆ ನೀರು ಕೊಡುತ್ತದೆ, ನನ್ನ ಕೈ ಆರು ತಾಸು ಈಚೆಗೆ ಇದೆ. ಇದನ್ನು ಗೆಲುವು ಎಂದು ಕೇಂದ್ರದವರು ಪತ್ರದಲ್ಲಿ ಬರೆದಿದ್ದಾರೆ, ನಾನು ಅದನ್ನು ಎರಡು ಸಲ ಓದಿದ್ದೇನೆ. ಈ ಶನಿವಾರದ ಬೆಳಗಿನ ರೈಲಿಗೆ ಟಿಕೆಟ್ ತೆಗೆಸಿದ್ದೇನೆ. ಇವತ್ತು ಗುರುವಾರ.

ಅಡುಗೆಮನೆಯ ಕಟ್ಟೆಯ ಮೇಲೆ ಈಗ ಒಂದೇ ಲೋಟ. ಪಕ್ಕದಲ್ಲಿ ಇನ್ನೊಂದು ಕೂತಿದ್ದ ಜಾಗದಲ್ಲಿ ದುಂಡನೆಯ ಕಲೆ ಉಳಿದಿದೆ, ನಾನು ಉಜ್ಜಿಲ್ಲ. ಇಂದು ಸಂಜೆ ಕಾಫಿ ಮಾಡಿಕೊಂಡು ಕಿಟಕಿಯ ಹತ್ತಿರ ಬಂದೆ. ಹಡಗುಗಳು ಇದ್ದಲ್ಲೇ ಇದ್ದವು. ಕುಡಿದು ಲೋಟವನ್ನು ಮೇಜಿನ ಮೇಲೆ ಇಡಲು ಹೋದ ಕೈ, ಈಚೆಗೆ ದಿನಾ ಆಗುವಂತೆ, ಮೇಜಿಗೆ ಒಂದು ಗೇಣು ಮೇಲೆ ತಾನಾಗಿಯೇ ನಿಂತಿತು. ಮುಂದಕ್ಕೆ ಒಂಚೂರು ಒತ್ತಿತು, ಆಚೆಯಿಂದ ಯಾರಾದರೂ ಎಳೆದಾರೇ ಎಂದು ಕಾಯಿತು. ಆಮೇಲೆ ಇಟ್ಟೆ.